ಮೂರು ವಾರದ ಮಗುವಿಗೆ ನಿದ್ದೆ ಕಲಿಸಬೇಕಾಗಿಲ್ಲ

ನಿನ್ನೆ ಸಂಜೆಯಿಂದ ಹೊಟ್ಟೆಯೊಳಗೆ ಕುದೀತಾ ಇದೆ, ಬರೆದೇ ಬಿಡ್ತೀನಿ. ಗೆಳತಿಯ ಮಗಳಿಗೆ ಮಗುವಾಗಿದೆ, ನೋಡೋಕೆ ಹೋಗಿದ್ದೆ. ಮಗುವಿಗೆ ಮೂರು ವಾರ. ಬಂದವರೆಲ್ಲ ಆ ಹುಡುಗಿಯನ್ನ ಕೇಳಿದ್ದು ಒಂದೇ ಮಾತು: "ರಾತ್ರಿ ಮಲಗುತ್ತಾ?" ಅವಳು ಪ್ರತಿ ಸಲವೂ ತಲೆ ತಗ್ಗಿಸಿ, "ಇಲ್ಲ ಆಂಟಿ, ಎರಡೆರಡು ಗಂಟೆಗೆ ಏಳ್ತಾನೆ" ಅಂತ ತಪ್ಪು ಮಾಡಿದವಳ ಹಾಗೆ ಹೇಳ್ತಿದ್ದಳು. ಒಬ್ಬರು "ನಮ್ಮವನು ತಿಂಗಳಿಗೇ ರಾತ್ರಿಯೆಲ್ಲ ಮಲಗ್ತಿದ್ದ" ಅಂದ್ರು. ಇನ್ನೊಬ್ಬರು "ಎತ್ತಿ ಎತ್ತಿ ನೀನೇ ಅಭ್ಯಾಸ ಮಾಡಿಸಿದ್ದೀಯ" ಅಂದ್ರು. ಮತ್ತೊಬ್ಬರು ಫೋನ್ ತೆಗೆದು ವಿಡಿಯೋ ತೋರಿಸಿದ್ರು. ಹುಟ್ಟಿದ ಮೊದಲ ತಿಂಗಳಿಂದಲೇ ಮಗುವಿಗೆ ನಿದ್ದೆ ಕಲಿಸೋ ಕೋರ್ಸಂತೆ, ದುಡ್ಡು ಕಟ್ಟಿದ್ರೆ ವೇಳಾಪಟ್ಟಿ ಕಳಿಸ್ತಾರಂತೆ. "ಇದಕ್ಕೆ ಸೇರಲಾ ಆಂಟಿ?" ಅಂತ ಅವಳು ನನ್ನನ್ನ ಕೇಳುವಾಗ ಕಣ್ಣು ತುಂಬಿಕೊಂಡಿತ್ತು.

ಬೇಡ ಮಗಳೇ. ಬೇಡವೇ ಬೇಡ.

ನನ್ನ ಕೆಲಸ ಏನು ಅಂತ ಇಲ್ಲಿರೋ ನಿಮಗೆಲ್ಲ ಗೊತ್ತು. ಹಸುಗೂಸುಗಳ ವಾರ್ಡಿನಲ್ಲಿ ನೈಟ್ ಡ್ಯೂಟಿ ಮಾಡ್ತಾನೇ ಕೂದಲು ಬೆಳ್ಳಗಾದವಳು ನಾನು. ಅಷ್ಟೂ ರಾತ್ರಿಗಳ ಮೇಲೆ ಹೇಳ್ತಿದ್ದೀನಿ: ಹಸುಗೂಸು ರಾತ್ರಿ ಏಳೋದು ಕಾಯಿಲೆಯಲ್ಲ, ದುರಭ್ಯಾಸವಲ್ಲ, ತಾಯಿಯ ಸೋಲಂತೂ ಅಲ್ಲವೇ ಅಲ್ಲ. ಅದು ಏಳಬೇಕು. ಅದರ ಪುಟ್ಟ ಹೊಟ್ಟೆಗೆ ಹಾಲು ಸ್ವಲ್ಪ ಸ್ವಲ್ಪವೇ ಹಿಡಿಸೋದು, ದಿನಕ್ಕೆ 8ರಿಂದ 12 ಸಲ ಕುಡೀಬೇಕು. ನಿಜ ಹೇಳಬೇಕಂದ್ರೆ, ಮೊದಲ ಎರಡು ವಾರದಲ್ಲಿ ನನಗೆ ದಿಗಿಲು ಹುಟ್ಟಿಸೋದು ಏಳೋ ಮಗುವಲ್ಲ, ಏಳದ ಮಗು. ಕಾಮಾಲೆ ಜಾಸ್ತಿಯಾದ ಕೂಸು ಹಾಲಿಗೂ ಏಳದೆ ಮಲಗೇ ಇರುತ್ತೆ, ಮನೆಯವರು "ಎಷ್ಟು ಒಳ್ಳೆ ಮಗು, ಅಳೋದೇ ಇಲ್ಲ" ಅಂತ ಖುಷಿಪಡ್ತಿರ್ತಾರೆ. ಹುಟ್ಟಿದಾಗಿನ ತೂಕ ಮರಳಿ ಬರೋ ತನಕ ನಾಲ್ಕು ಗಂಟೆ ಮೀರಿ ಮಲಗಿದ್ರೆ ನಾವೇ ಎಬ್ಬಿಸಿ ಕುಡಿಸ್ತೀವಿ. ಎಬ್ಬಿಸಿದ್ರೂ ಏಳ್ತಿಲ್ಲ, ಒದ್ದೆ ಬಟ್ಟೆ ಕಡಿಮೆಯಾಗಿದೆ, ಇಲ್ಲವೇ ಮೈ ಕಾವು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂದ್ರೆ ಆಗ ಯಾರನ್ನೂ ಕೇಳ್ತಾ ಕೂರಬೇಡಿ, ನೇರ ಡಾಕ್ಟರ ಹತ್ತಿರ ಓಡಿ.

ಇನ್ನು ರಾತ್ರಿ ಯಾವುದು, ಹಗಲು ಯಾವುದು ಅನ್ನೋದು. ಹುಟ್ಟಿದ ಮಗುವಿಗೆ ಅದು ಗೊತ್ತಿರಲ್ಲ. ಹೊಟ್ಟೆಯೊಳಗಿದ್ದಾಗ ನಿದ್ದೆಗೆ ಕರೆಯೋ ಮೆಲಟೋನಿನ್ ಹಾರ್ಮೋನು ಅಮ್ಮನಿಂದಲೇ ಬರ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಮಗು ತನ್ನದೇ ಲಯದಲ್ಲಿ ಅದನ್ನ ಮಾಡಿಕೊಳ್ಳೋಕೆ ಸುಮಾರು ಎರಡು ಮೂರು ತಿಂಗಳು ಬೇಕು. ದಿನಕ್ಕೆ 14ರಿಂದ 17 ಗಂಟೆ ಮಲಗುತ್ತೆ, ಆದರೆ ತುಂಡು ತುಂಡಾಗಿ. ಹಗಲಲ್ಲಿ ಪರದೆ ಸರಿಸಿ ಬೆಳಕು ಬಿಡಿ, ಮನೆಯ ಮಾತುಕತೆ ಇದ್ದ ಹಾಗೇ ಇರಲಿ. ರಾತ್ರಿ ದೀಪ ಮಂದ ಮಾಡಿ ಸದ್ದಿಲ್ಲದೆ ಕುಡಿಸಿ, ಬಟ್ಟೆ ಬದಲಿಸಿ, ಮತ್ತೆ ಮಲಗಿಸಿ. ಈ ವಯಸ್ಸಿಗೆ ಇಷ್ಟು ಸಾಕು, ಇದಕ್ಕೆ ಯಾವ ಕೋರ್ಸೂ ಬೇಡ.

ನಿನ್ನೆ ಆ ಗುಂಪಿನ ನಡುವೆಯೇ ಕೂಸು ಮಲಗಿತ್ತು. ಮುಖ ಕಿವುಚಿತು, ರೆಪ್ಪೆ ಅರ್ಧ ತೆರೆದು ಒಳಗೆ ಕಣ್ಣುಗುಡ್ಡೆ ಆಡಿತು, ಬಾಯಿ ಚಪ್ಪರಿಸಿತು, ಒಂದು ಕೈ ಮೇಲಕ್ಕೆದ್ದು ಬಿತ್ತು, ಗಂಟಲಲ್ಲಿ ಗೊರಗೊರ ಸದ್ದು. "ಎದ್ದ, ಎದ್ದ!" ಅಂತ ಮೂರು ಜನ ಕೈ ಚಾಚಿದ್ರು. ತಡೀರಿ ಅಂದೆ. ಎದೆಯ ಮೇಲೆ ಅಂಗೈ ಹಗುರವಾಗಿ ಇಟ್ಟೆ. ಮತ್ತೊಂದು ಸಲ ಮುಖ ಕಿವುಚಿ, ಉಸಿರು ಜೋರಾಗಿ ಬಿಟ್ಟು, ಸುಮ್ಮನಾಯ್ತು. ಅದು ಎದ್ದೇ ಇರಲಿಲ್ಲ. ಹಸುಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧ ಭಾಗ ಹೀಗೇ ಕೈಕಾಲು ಆಡಿಸೋ ನಿದ್ದೆ. ನಾವು ಅವಸರಪಟ್ಟು ಎತ್ತಿಕೊಂಡು, ಮಲಗಿದ್ದ ಮಗುವನ್ನ ನಾವೇ ಎಬ್ಬಿಸ್ತೀವಿ, ಆಮೇಲೆ ತಾಯಿಗೆ ಹೇಳ್ತೀವಿ ನಿನ್ನ ಮಗು ಮಲಗೋದೇ ಇಲ್ಲ ಅಂತ. ಒಂದು ನಿಮಿಷ ನೋಡಿ. ನಿಜವಾಗಿ ಎದ್ದಿದ್ರೆ ಅದೇ ಹೇಳುತ್ತೆ, ಆಗ ಎತ್ತಿಕೊಳ್ಳಿ.

ಎತ್ತಿಕೊಂಡ್ರೆ ಅಭ್ಯಾಸವಾಗುತ್ತೆ ಅನ್ನೋ ಮಾತು ಕೇಳಿದ್ರೆ ನನಗೆ ಈಗಲೂ ಮೈ ಉರಿಯುತ್ತೆ. ಹುಟ್ಟೋವರೆಗೂ ಆ ಕೂಸು ಒಂದು ಕ್ಷಣವೂ ಒಂಟಿಯಾಗಿರಲಿಲ್ಲ, ಮೂರು ವಾರದಲ್ಲಿ ಅದಕ್ಕೆ ಯಾವ ಕೆಟ್ಟ ಅಭ್ಯಾಸ ಅಂಟೀತು? ಜಪಾನಿನ ರೈಕೆನ್ ಸಂಸ್ಥೆಯ ಕುಮಿ ಕುರೋದಾ ಅವರ ತಂಡ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 21 ಮಕ್ಕಳನ್ನಷ್ಟೇ ನೋಡಿದ ಸಣ್ಣ ಅಧ್ಯಯನ, ಆದರೆ ನಮ್ಮ ವಾರ್ಡಿನ ಅನುಭವವೂ ಅದನ್ನೇ ಹೇಳುತ್ತೆ. ಅಳೋ ಮಗುವನ್ನ ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೀಬೇಕು, ನಿದ್ದೆ ಹತ್ತಿದ ಮೇಲೆ ತಕ್ಷಣ ಕೆಳಗಿಳಿಸದೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತಿರಬೇಕು, ಆಮೇಲೆ ಮಲಗಿಸಬೇಕು. ಮಲಗಿಸುವಾಗ ಮೊದಲು ಕುಂಡೆ, ಆಮೇಲೆ ಬೆನ್ನು, ಕೊನೆಗೆ ತಲೆ. ಕೈ ಸರಕ್ಕನೆ ಎಳೀಬೇಡಿ. ತಲೆ ಹಿಂದಕ್ಕೆ ಜಾರಿದ ಹಾಗಾದ್ರೆ ಕೂಸು ಬೆಚ್ಚಿ ಎರಡೂ ಕೈ ಅಗಲಿಸುತ್ತೆ, ಅದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಬೆಚ್ಚೋದು ಜಾಸ್ತಿ ಅನಿಸಿದ್ರೆ ತೆಳು ಬಟ್ಟೆಯಲ್ಲಿ ಸುತ್ತಿ, ಸೊಂಟದ ಕೆಳಗೆ ಸಡಿಲವಾಗಿರಲಿ, ಮಗ್ಗಲು ಹೊರಳೋ ಲಕ್ಷಣ ಕಂಡ ದಿನವೇ ಸುತ್ತೋದು ನಿಲ್ಲಿಸಿ.

ಮಲಗಿಸೋದು ಯಾವಾಗಲೂ ಅಂಗಾತ. ಇದೊಂದರಲ್ಲಿ ನಾನು ಯಾರ ಮಾತಿಗೂ ಬಗ್ಗಲ್ಲ, ಎಷ್ಟೇ ಹಿರಿಯರಿರಲಿ. ಬೋರಲು ಹಾಕಿದ್ರೆ ಗಾಢವಾಗಿ ಮಲಗುತ್ತೆ ಅಂತಾರೆ. ಹೌದು, ಮಲಗುತ್ತೆ, ಅಪಾಯ ಇರೋದೇ ಅಲ್ಲಿ. ಉಸಿರು ಕಟ್ಟಿದಾಗ ಎಚ್ಚರಾಗೋ ಶಕ್ತಿಯೂ ಕುಗ್ಗುತ್ತೆ. ಅಮೆರಿಕದಲ್ಲಿ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಬೋರಲು ಮಲಗಿಸಬೇಡಿ ಅಂತ ಹೇಳಿತು, 1994ರಲ್ಲಿ ದೇಶದ ತುಂಬ ಅಭಿಯಾನ ನಡೀತು. ಮುಂದಿನ ವರ್ಷಗಳಲ್ಲಿ ನಿದ್ದೆಯಲ್ಲಿ ಹಠಾತ್ತಾಗಿ ಸಾಯೋ ಕೂಸುಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳೀತು. ಗಟ್ಟಿ, ಸಮತಟ್ಟಾದ ಹಾಸಿಗೆ. ದಿಂಬು ಬೇಡ, ಬೊಂಬೆ ಬೇಡ, ದಪ್ಪ ಹೊದಿಕೆ ಬೇಡ. ನಿಮ್ಮದೇ ಕೋಣೆಯಲ್ಲಿ, ಪಕ್ಕದಲ್ಲೇ ಬೇರೆ ಹಾಸಿಗೆ. ಮತ್ತೆ, ನಿದ್ದೆಗೆಟ್ಟ ಅಮ್ಮ ಮಗುವನ್ನ ಎದೆಗವಚಿಕೊಂಡು ಸೋಫಾದಲ್ಲಿ ಕಣ್ಣು ಮುಚ್ಚೋದು ಎಲ್ಲಕ್ಕಿಂತ ಅಪಾಯ. ಅದಕ್ಕೇ ನಾನು ಪದೇ ಪದೇ ಹೇಳೋದು, ಮನೆಯಲ್ಲಿ ಮೊದಲು ಸರಿಪಡಿಸಬೇಕಾದ್ದು ಅಮ್ಮನ ನಿದ್ದೆ.

ಹಸುಗೂಸಿನ ನಿದ್ದೆ ಮಾರೋ ವ್ಯಾಪಾರ ಇವತ್ತಿನದಲ್ಲ. 1849ರಿಂದ ಅಮೆರಿಕದಲ್ಲಿ 'ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್' ಅಂತ ಮಾರ್ತಿದ್ರು. ಮಕ್ಕಳನ್ನ ಶಾಂತವಾಗಿಸೋ ಔಷಧಿ ಅಂತ ತಾಯಂದಿರು ನಂಬಿ ಕುಡಿಸಿದ್ರು. ಅದರೊಳಗಿದ್ದದ್ದು ಮಾರ್ಫಿನ್ ಮತ್ತು ಆಲ್ಕೋಹಾಲ್. ಎಷ್ಟೋ ಕೂಸುಗಳು ಮತ್ತೆ ಏಳಲಿಲ್ಲ. 1911ರಲ್ಲಿ ಅಲ್ಲಿನ ವೈದ್ಯರ ಸಂಘ ಅದನ್ನ ಮಕ್ಕಳನ್ನ ಕೊಲ್ಲೋ ಮದ್ದುಗಳ ಪಟ್ಟಿಗೆ ಸೇರಿಸಿದ ಮೇಲೂ ಮಾರಾಟ ನಿಲ್ಲೋಕೆ ವರ್ಷಗಳೇ ಹಿಡಿದವು. ಈಗಿನ ವೇಳಾಪಟ್ಟಿ ಕೋರ್ಸು ವಿಷವಲ್ಲ, ಒಪ್ಪಿದೆ. ಆದರೆ ಎರಡೂ ನಿಂತಿರೋದು ಒಂದೇ ಹೆದರಿಕೆಯ ಮೇಲೆ: ಮಲಗದ ಮಗುವಿನ ಅಮ್ಮ ಏನೋ ತಪ್ಪು ಮಾಡ್ತಿದ್ದಾಳೆ ಅನ್ನೋ ಹೆದರಿಕೆ.

"ಆದರೂ ಕೆಲವು ಮಕ್ಕಳು ಬೇಗ ಮಲಗ್ತಾವಲ್ಲ, ನಮ್ಮ ಮನೆಯಲ್ಲೇ ನೋಡಿದ್ದೀವಿ" ಅಂತ ನಿನ್ನೆಯೂ ವಾದಕ್ಕೆ ಬಂದ್ರು. ಮಲಗ್ತಾವೆ, ಇಲ್ಲ ಅನ್ನಲ್ಲ. ಅದು ಆ ಮಗುವಿನ ಸ್ವಭಾವ, ನಿಮ್ಮ ಶಿಸ್ತಿನ ಫಲ ಅಲ್ಲ. ಕೆನಡಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ತಿಂಗಳು ತುಂಬಿದ ಮಕ್ಕಳಲ್ಲೂ ಶೇಕಡಾ 38ರಷ್ಟು ಒಂದೇ ಸಮನೆ ಆರು ಗಂಟೆ ಮಲಗ್ತಿರಲಿಲ್ಲ. ವರ್ಷ ತುಂಬಿದಾಗಲೂ ಶೇಕಡಾ 28ರಷ್ಟು ಮಕ್ಕಳು ಹಾಗೇ ಇದ್ದವು. ಅವುಗಳ ಬೆಳವಣಿಗೆಯಲ್ಲಿ ಅದರಿಂದ ಏನೂ ಕೊರತೆ ಕಾಣಲಿಲ್ಲ. ಹೀಗಿರುವಾಗ ಮೂರು ವಾರದ ಕೂಸಿನ ಮುಂದೆ ಗಡಿಯಾರ ಹಿಡಿದು ನಿಲ್ಲೋಕೆ ನಮಗೇನು ಹಕ್ಕಿದೆ?

ಇದನ್ನ ಇಲ್ಲಿ ಮೊದಲ ಸಲ ಬರೀತಿದ್ದೀನಿ. ನನ್ನ ದೊಡ್ಡವಳು ಆರು ವಾರದವಳಿದ್ದಾಗ ಸಂಜೆಯಾದ್ರೆ ಸಾಕು, ಎಡೆಬಿಡದೆ ಅಳೋಳು. ಆರನೇ ವಾರದ ಹೊತ್ತಿಗೆ ಅಳು ಹೆಚ್ಚಾಗಿ ಆಮೇಲೆ ಇಳಿಯುತ್ತೆ ಅಂತ ನಾನೇ ಹತ್ತಾರು ತಾಯಂದಿರಿಗೆ ಹೇಳಿದ್ದೆ. ಗೊತ್ತಿದ್ದೂ ನನಗೆ ತಡೆಯೋಕಾಗಲಿಲ್ಲ. ಒಂದು ರಾತ್ರಿ ಮಗುವನ್ನ ಹಾಸಿಗೆ ಮೇಲೆ ಜೋಪಾನವಾಗಿ ಮಲಗಿಸಿ, ಬಾಗಿಲು ಮುಚ್ಚಿ, ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ. ಮಗುವನ್ನ ಸುರಕ್ಷಿತವಾಗಿ ಮಲಗಿಸಿ ಹತ್ತು ನಿಮಿಷ ಆಚೆ ಹೋಗೋದು ತಪ್ಪಲ್ಲ. ಸಿಟ್ಟಿನ ಭರದಲ್ಲಿ ಮಗುವನ್ನ ಕುಲುಕಿದ್ರೆ ಮೆದುಳಿಗೇ ಪೆಟ್ಟು, ಅದಕ್ಕಿಂತ ಈ ಹತ್ತು ನಿಮಿಷ ಸಾವಿರ ಪಾಲು ಮೇಲು. ಅವತ್ತು ನನ್ನ ಯಜಮಾನರು ಬಂದು ಮಗುವನ್ನ ಹೆಗಲಿಗೆ ಹಾಕಿಕೊಂಡು "ನೀನು ಮಲಗು, ಹಾಲಿನ ಹೊತ್ತಿಗೆ ಎಬ್ಬಿಸ್ತೀನಿ" ಅಂದ್ರು. ಯಾವ ಪುಸ್ತಕದ ಮಾತೂ ನನಗೆ ಅಷ್ಟು ಆಸರೆ ಕೊಟ್ಟಿಲ್ಲ.

ಎದೆಹಾಲು ಕುಡಿಸೋದೊಂದು ಬಿಟ್ಟು ಉಳಿದ ಕೆಲಸವನ್ನೆಲ್ಲ ಮನೆಯ ಯಾರು ಬೇಕಾದ್ರೂ ಮಾಡಬಹುದು. ತೇಗಿಸೋದು, ಬಟ್ಟೆ ಬದಲಿಸೋದು, ಎತ್ತಿಕೊಂಡು ನಡೆಯೋದು, ಮಲಗಿಸೋದು. ನಿನ್ನೆ ಹೊರಡೋ ಮುಂಚೆ ಆ ಹುಡುಗಿಯ ಗಂಡನನ್ನ ಪಕ್ಕಕ್ಕೆ ಕರೆದು ಇದನ್ನೇ ಹೇಳಿದೆ. "ಸಂಜೆ ಹಾಲು ಕುಡಿಸಿದ ಮೇಲೆ ಮುಂದಿನ ಹಾಲಿನ ತನಕ ಕೂಸು ನಿನ್ನದಪ್ಪ, ಅವಳು ಬೇರೆ ಕೋಣೆಯಲ್ಲಿ ಮಲಗಲಿ." ಅವನು ಪಾಪ, ಹೆದರಿಕೊಂಡೇ ತಲೆಯಾಡಿಸಿದ. ಹೇಗೆ ಮಲಗಿಸೋದು ತೋರಿಸಿ ಆಂಟಿ ಅಂದ. ಎರಡು ಸಲ ಮಾಡಿಸಿದೆ, ಎರಡನೇ ಸಲಕ್ಕೆ ಸರಿಯಾಗಿ ಬಂತು.

ಈ ಪೋಸ್ಟ್ ಓದ್ತಿರೋ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹೊಸ ಕೂಸಿದ್ದು, ಅಮ್ಮ ನಿದ್ದೆಗೆಟ್ಟು ಸೋತಿದ್ರೆ ಸಂಕೋಚವಿಲ್ಲದೆ ನನಗೆ ಮೆಸೇಜ್ ಮಾಡಿ. ನೈಟ್ ಡ್ಯೂಟಿ ಇಲ್ಲದ ದಿನ ಬರ್ತೀನಿ. ಕೂಸನ್ನ ನಾನು ನೋಡಿಕೊಳ್ತೀನಿ, ಬಾಗಿಲು ಹಾಕಿಕೊಂಡು ಅವಳು ಮಲಗಲಿ.