ದೊಡ್ಡಪೇಟೆಯ ಜೂನ್ ತಿಂಗಳು

ಬೆಂಗಳೂರಿನ ಪೇಟೆ ಎಂದರೆ ದೊಡ್ಡವರಿಗೆ ರೇಷ್ಮೆ ಸೀರೆ, ಬಂಗಾರದ ಅಂಗಡಿ. ಮಕ್ಕಳಿಗೆ ಅದು ಜೂನ್ ತಿಂಗಳ ತುಂತುರು, ಬೆವರಿಗೆ ಒದ್ದೆಯಾದ ಪುಸ್ತಕದ ಪಟ್ಟಿ, ಕೈಬಿಟ್ಟರೆ ಕಳೆದುಹೋಗುವ ಭಯದಲ್ಲಿ ಹಿಡಿದ ಅಪ್ಪನ ಅಂಗಿಯ ಚುಂಗು. ಮೈಸೂರು ಬ್ಯಾಂಕ್ ವೃತ್ತದಿಂದ ಮಾರ್ಕೆಟ್ಟಿನ ಕಡೆಗೆ ಇಳಿಯುವ ಈ ಅವೆನ್ಯೂ ರಸ್ತೆಯ ಹಳೆಯ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದ್ದು ಇದೂ ಚಿಕ್ಕಪೇಟೆಯೂ ಕೂಡುವ ಚೌಕದಿಂದಲೇ ಎನ್ನುತ್ತಾರೆ. ಈಗ ಅಲ್ಲಿ ನೇಗಿಲಿರಲಿ, ಸೈಕಲ್ ತಿರುಗಿಸುವುದೂ ಸಾಹಸವೇ.

ಭಾನುವಾರ ಅಂಗಡಿಗಳ ಶಟರ್ ಇಳಿದರೆ ಅವುಗಳ ಮುಂದೆ ಹಳೆ ಪುಸ್ತಕದ ರಾಶಿ ಏಳುತ್ತದೆ. ಸೆಕೆಂಡ್ ಹ್ಯಾಂಡ್ ಪಠ್ಯಪುಸ್ತಕ ಕೊಳ್ಳುವುದಕ್ಕೆ ಕಣ್ಣು ಬೇಕು. ಮೊದಲು ಮುದ್ರಣದ ವರ್ಷ ನೋಡಬೇಕು. ಸಿಲಬಸ್ ಬದಲಾಗಿದ್ದರೆ ಅದು ಕಡಲೆಕಾಯಿ ಕಟ್ಟಲಿಕ್ಕಷ್ಟೇ. ಆಮೇಲೆ ಪುಟಗಳು. ದಾರದಲ್ಲಿ ಹೊಲಿದ ಪುಸ್ತಕದಲ್ಲಿ ಸಾಮಾನ್ಯವಾಗಿ 16 ಪುಟಕ್ಕೊಂದು ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಟ್ಟು. ಹೊಲಿಗೆ ಬಿಟ್ಟರೆ ಒಂದೆರಡು ಹಾಳೆಯಲ್ಲ, ಇಡೀ ಫಾರಮ್ಮೇ ಉದುರುತ್ತದೆ, ತ್ರಿಕೋನಮಿತಿ ಪೂರ್ತಿ ಮಾಯ. ಗಣಿತವಾದರೆ ಕೊನೆಯ ಉತ್ತರಗಳ ಪುಟ, ಭೂಗೋಳವಾದರೆ ನಕಾಶೆ ಇದೆಯೇ ನೋಡಿಯೇ ಚೌಕಾಸಿಗೆ ಇಳಿಯಬೇಕು. ಇಂಕಿನಲ್ಲಿ ಗೀಚಿದ್ದರೆ ಬೆಲೆ ಇಳಿಸಿ ಕೇಳಬಹುದು. ಪೆನ್ಸಿಲ್ಲಿನಲ್ಲಿ ಉತ್ತರ ಬರೆದಿದ್ದರೆ ತುಟಿ ಪಿಟಕ್ಕೆನ್ನದೆ ಕೊಳ್ಳಬೇಕು. ಆ ಉತ್ತರಗಳಲ್ಲಿ ಅರ್ಧ ತಪ್ಪಿರುತ್ತವೆ, ಅದು ಬೇರೆ ಮಾತು.

ಮನೆಗೆ ಬಂದ ಮೇಲೆ ನಿಜವಾದ ಹಬ್ಬ: ಬೈಂಡ್ ಹಾಕುವುದು. ಕಂದು ಕಾಗದದ ನುಣುಪು ಮೈ ಹೊರಗೆ, ಒರಟು ಮೈ ಒಳಗೆ. ಸುತ್ತಲೂ ಮೂರು ಬೆರಳಗಲ ಬಿಟ್ಟು ಕತ್ತರಿಸಿ, ಪುಸ್ತಕದ ಬೆನ್ನಿನ ಮೇಲೂ ಕೆಳಗೂ ಎರಡೆರಡು ಸೀಳು ಕೊಟ್ಟು, ನಡುವೆ ಉಳಿದ ನಾಲಿಗೆಯನ್ನು ಒಳಕ್ಕೆ ಮಡಚಬೇಕು. ಮೂಲೆಗಳನ್ನು ತ್ರಿಕೋನ ಮಾಡಿ, ಗೆರೆಯ ಮೇಲೆ ಸ್ಟೀಲ್ ಲೋಟದ ಅಂಚು ಎಳೆದರೆ ಮಡಿಕೆ ಕೂರುತ್ತದೆ. ಎಲ್ಲರೂ ಎಡವುವುದು ಒಂದೇ ಕಡೆ: ಪುಸ್ತಕ ಬಿಚ್ಚಿಟ್ಟು ಬಿಗಿಯಾಗಿ ಮಡಚುತ್ತಾರೆ. ಮುಚ್ಚಿದಾಗ ಬೆನ್ನಿನ ದಪ್ಪಕ್ಕೂ ಕಾಗದ ಬೇಕಲ್ಲ? ಸಾಲದೆ ರಟ್ಟು ಬಿಲ್ಲಿನಂತೆ ಬಾಗುತ್ತದೆ, ಮಡಿಕೆ ಕಿತ್ತು ಬರುತ್ತದೆ. ಮುಚ್ಚಿಟ್ಟೇ ಅಳೆಯಬೇಕು, ಮುಚ್ಚಿಟ್ಟೇ ಮಡಚಬೇಕು.

ಲೇಬಲ್ಲಿಗೆ ಮೈದಾ ಅಂಟು. ಬೈಂಡರುಗಳು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸಿ ಜಿರಲೆಯನ್ನು ದೂರವಿಡುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಅಂಟು ತೆಳುವಾಗಿ ಸವರಿದರೆ ಸಾಕು. ದಪ್ಪಗೆ ಮೆತ್ತಿದರೆ ಲೇಬಲ್ ಸುಕ್ಕುಗಟ್ಟಿ, ಅದರ ಮೇಲೆ ಬರೆದ ಹೆಸರು ಗುಂಡಿ ಬಿದ್ದ ರಸ್ತೆಯಲ್ಲಿ ನಡೆದ ಹಾಗೆ ಕಾಣುತ್ತದೆ.

ವರ್ಷ ಕಳೆದು ಅದೇ ಪುಸ್ತಕ ಅದೇ ಫುಟ್‌ಪಾತಿಗೆ ಮರಳಿದಾಗ ಮಾರುವವನ ಮೊದಲ ಮಾತು, ‘ಬೈಂಡ್ ತೆಗೀರಿ, ಮೂಲೆ ನೋಡ್ಬೇಕು.’ ಅಷ್ಟು ಮುತುವರ್ಜಿಯಿಂದ ಹಾಕಿದ ಬೈಂಡ್ ಕಾಲಡಿ ಬೀಳುತ್ತದೆ. ಮೊದಲ ಪುಟದಲ್ಲಿ ಹೊಡೆದುಹಾಕಿದ ಮೂರು ಹೆಸರು, ಮೂರು ಸೆಕ್ಷನ್ನು. ನಾಲ್ಕನೆಯದಕ್ಕೆ ಇನ್ನೂ ಜಾಗವಿರುತ್ತದೆ.