ಮೂಗು ಯಾರದಾದರೂ ಸಹಿ ಅವರದೇ

ಹಳೆಯ ನಟರ ಫೋಟೋಕ್ಕೆ ಸಹಿ ಹಾಕಿಸಿಕೊಂಡವರು ಊರಿಗೆ ಹತ್ತು ಜನ ಸಿಗುತ್ತಾರೆ. ಕೈಯಲ್ಲಿ ಬರೆದ ಚಿತ್ರಕ್ಕೆ ಸಹಿ ಹಾಕಿಸಿಟ್ಟುಕೊಂಡವರು ಕಡಿಮೆ. ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿರುವ ನಮ್ಮ ಕಾಕಾ ಈ ಎರಡನೇ ಪೈಕಿ. ಅವರ ಪಡಸಾಲೆಯಲ್ಲಿ ದೇವರಿಗಿಂತ ನಟರೇ ಜಾಸ್ತಿ. ಕಾಕು ಇದಕ್ಕೆ ಗೊಣಗುತ್ತಾರೆ. ಆದರೆ ಊದಿನಕಡ್ಡಿ ಬೆಳಗುವಾಗ ರಾಜಕುಮಾರರನ್ನು ಮಾತ್ರ ಬಿಡುವುದಿಲ್ಲ.

ಫೋಟೋದ ಮುಖ ಕ್ಯಾಮೆರಾ ಕೊಟ್ಟಿದ್ದು. ಅದರ ಬಗ್ಗೆ ಜಗಳವಿಲ್ಲ. ಬರೆದ ಚಿತ್ರದ ಕಥೆ ಬೇರೆ. ಯಾರೋ ಒಬ್ಬ, ನಟನ ಮೂಗನ್ನು ತನಗೆ ತಿಳಿದ ಹಾಗೆ ಬರೆದು ತಂದು ಅವರ ಮುಂದೆಯೇ ಹಿಡಿಯುತ್ತಾನೆ. ಮೂಗು ಸೊಟ್ಟಗಿದೆ. ತಂದವನ ಕಣ್ಣು ತುಂಬ ಆಸೆ. ಪಾಪ, ಆ ನಟ ಏನು ಮಾಡಬೇಕು? ಪೆನ್ನು ತೆಗೆದು ಸಹಿ ಹಾಕುತ್ತಾರೆ. ಅಲ್ಲಿಗೆ ಆ ಮೂಗು ಅವರದೇ ಆಯಿತು.

ಕಾಕಾನ ಹತ್ತಿರ ಅಂಥದ್ದೊಂದು ಪೆನ್ಸಿಲ್ ಚಿತ್ರವಿದೆ. ಕಾಗದ ಹಳದಿಯಾಗಿದೆ. ಬೆಳಕಿಗೆ ಓರೆ ಹಿಡಿದರೆ ಎಡಗೆನ್ನೆಯ ಕೆಳಗೆ ಅಳಿಸಿದ ಚೌಕದ ಗೆರೆಗಳು ಕಾಣುತ್ತವೆ. ಚೌಕ ಹಾಕಿ ಸಣ್ಣ ಫೋಟೋವನ್ನು ದೊಡ್ಡದು ಮಾಡುವುದು ಥಿಯೇಟರ್ ಬ್ಯಾನರ್ ಬರೆಯುವವರ ಕೈಗುಣ. ಮುಖ ಯಾರದು ಅನ್ನುವುದೇ ತಕರಾರು. ಸಹಿಯಲ್ಲಿ ‘ಕುಮಾರ್’ ಅಷ್ಟೇ ಓದಲಿಕ್ಕೆ ಬರುತ್ತದೆ. ರಾಜಕುಮಾರ್, ಕಲ್ಯಾಣಕುಮಾರ್, ಉದಯಕುಮಾರ್ ಮೂವರೂ ಒಟ್ಟಿಗೆ ಮೆರೆದ ಕಾಲ ಅದು. ಹಬ್ಬಕ್ಕೆ ಮಂದಿ ಕೂಡಿದಾಗಲೆಲ್ಲ ವಾದ ಹೊಸದಾಗಿ ಶುರುವಾಗುತ್ತದೆ.

ಸಹಿ ಖರೇನೋ ಸುಳ್ಳೋ ನೋಡಲು ಕಾಕಾ ಒಂದು ಭೂತಗನ್ನಡಿ ಇಟ್ಟಿದ್ದಾರೆ. ಅಚ್ಚಾದ ಸಹಿಯಾದರೆ ಸಣ್ಣ ಸಣ್ಣ ಚುಕ್ಕಿ ಕಾಣುತ್ತವೆ. ಬಾಲ್ ಪೆನ್ನಿನದಾದರೆ ಕಾಗದದ ಬೆನ್ನಿಗೆ ಬೆರಳಾಡಿಸಿದಾಗ ಒತ್ತು ಸಿಗುತ್ತದೆ. ಆದರೂ ಮೋಸ ತಪ್ಪಿದ್ದಲ್ಲ. ಹಾಲಿವುಡ್ಡಿನಲ್ಲಿ ಅಭಿಮಾನಿಗಳ ಪತ್ರಕ್ಕೆ ನಟರ ಸೆಕ್ರೆಟರಿಗಳೇ ಸಹಿ ಗೀಚಿ ಕಳಿಸುತ್ತಿದ್ದರು.

ನ್ಯೂಯಾರ್ಕಿನ ಸಾರ್ಡೀಸ್ ಹೋಟೆಲಿನ ಗೋಡೆ ತುಂಬ ನಟರ ವ್ಯಂಗ್ಯಚಿತ್ರಗಳು, ಕೆಳಗೆ ಅವರದೇ ಸಹಿ. ಮೊದಲು ಬರೆದವನು ಅಲೆಕ್ಸ್ ಗಾರ್ಡ್ ಎಂಬ ರಷ್ಯಾದವನು. ಕೂಲಿ ದಿನಕ್ಕೊಂದು ಊಟ. ಚಿತ್ರ ಚೆನ್ನಾಗಿಲ್ಲ ಅಂತ ಮಾಲೀಕ ಅನ್ನಬಾರದು, ಊಟ ಚೆನ್ನಾಗಿಲ್ಲ ಅಂತ ಅವನು ಅನ್ನಬಾರದು. ಇದು ಕರಾರು. ನಮ್ಮ ಖಾನಾವಳಿಗಳಲ್ಲಿ ಇದು ನಡೆಯುತ್ತಿರಲಿಲ್ಲ ಬಿಡಿ. ಎಣಗಾಯಿ ಪಲ್ಯೆಯ ಬಗ್ಗೆ ಬಾಯಿ ಮುಚ್ಚಿಕೊಂಡಿರುವ ಗಿರಾಕಿ ಹುಬ್ಬಳ್ಳಿಯಲ್ಲಿ ಹುಟ್ಟಿಲ್ಲ.

ಕಾಕಾನ ಹೊಟ್ಟೆಯುರಿ ಲೀಲಾ ಚಿಟ್ನಿಸ್. ಧಾರವಾಡದಲ್ಲಿ ಹುಟ್ಟಿದಾಕೆ, 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿಗೆ ಬಂದ ಮೊದಲ ಭಾರತೀಯ ನಟಿ. ಕಾಕಾ ಆಕೆಯ ಚಿತ್ರ ಬರೆಸಿದ್ದಾರೆ, ಸಹಿ ಸಿಗಲಿಲ್ಲ. ಆಕೆ 2003ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಸಹಿಯ ಜಾಗ ಮಾತ್ರ ಹಾಗೇ ಖಾಲಿ ಇದೆ.

ನನಗೆ ಕೆಟ್ಟ ಅನಿಸುವುದು ಬರೆದವರ ವಿಷಯಕ್ಕೆ. ಒಬ್ಬರು ಗದುಗಿನ ವಿಜಯ ಕಲಾಮಂದಿರದಲ್ಲಿ ಕಲಿತಿರಬಹುದು, ಇನ್ನೊಬ್ಬರು ಥಿಯೇಟರಿನ ಹಿಂದೆ ಬಣ್ಣ ಕಲಸುತ್ತ ಕಲಿತಿರಬಹುದು. ಅವರೂ ಮೂಲೆಯಲ್ಲಿ ಸಣ್ಣಗೆ ಹೆಸರು ಬರೆದಿರುತ್ತಾರೆ. ಕಟ್ಟು ಹಾಕುವವನು ನಟನ ಸಹಿ ಕಾಣುವ ಹಾಗೆ ಅಳತೆ ಹಿಡಿಯುತ್ತಾನೆ, ಪೇಂಟರ್ ಹೆಸರು ಚೌಕಟ್ಟಿನ ಪಟ್ಟಿಯೊಳಗೆ ಹೋಗಿಬಿಡುತ್ತದೆ. ಫ್ಲೆಕ್ಸ್ ಬಂದ ಮೇಲೆ ಅಂಥವರಲ್ಲಿ ಎಷ್ಟೋ ಜನ ನಂಬರ್ ಪ್ಲೇಟಿಗೆ ಇಳಿದರು.

ಮೊನ್ನೆ ಬೆಂಗಳೂರಿನಿಂದ ಒಬ್ಬರು ಕೊಳ್ಳಲು ಬಂದಿದ್ದರು. ಆ ‘ಕುಮಾರ್’ ಚಿತ್ರ ತಿರುಗಿಸಿ ಮುರುಗಿಸಿ ನೋಡಿ, “ಚಿತ್ರ ಬೇಡ ಸರ್, ಸಹಿ ಇರೋ ಭಾಗ ಅಷ್ಟೇ ಕತ್ತರಿಸಿ ಕೊಡ್ತೀರಾ? ಒಳ್ಳೆ ರೇಟು ಕೊಡ್ತೀನಿ” ಅಂದರು.

ಕಾಕಾ ಕನ್ನಡಕ ತೆಗೆದರು. “ಮಾರಿ-ಮೂಗು ಬಿಟ್ಟು ಬರೇ ಸಹಿ ಒಯ್ದು ಏನ್ ಮಾಡ್ತೀರಿ? ಬ್ಯಾಂಕಿನಾಗ ಸಾಲಾ ತಗೀತೀರೇನ್ರೀ?”