'ಏನೂ ಆಗಂಗಿಲ್ಲ' ಅನ್ನೋ ಸುಳ್ಳು ಮತ್ತು ಮಗಳ ಹಲ್ಲಿನ ಕ್ಲಿಪ್

ಮಕ್ಕಳನ್ನು ಹಲ್ಲಿನ ಡಾಕ್ಟರ್ ಹತ್ರ ಕರೆದುಕೊಂಡು ಹೋಗುವಾಗ ನಾವೆಲ್ಲ ಒಂದು ಸುಳ್ಳು ಹೇಳುತ್ತೇವೆ. 'ಏನೂ ಆಗಂಗಿಲ್ಲವಾ, ಸುಮ್ನ ನೋಡ್ತಾರ ಅಷ್ಟ.' ದಯವಿಟ್ಟು ಇದನ್ನು ಬಿಡಿ ಅಂತ ಹೇಳೋಕೇ ಈ ಬರಹ.

ಮಗಳಿಗೆ ಈಗ ಹನ್ನೆರಡು. ಮುಂದಿನ ಹಲ್ಲು ಚಾಚಿದ್ದವು, ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಏರಿ ಕೂತಿತ್ತು. ಕ್ಲಿಪ್ ಹಾಕಿಸಬೇಕು ಅಂದ ತಕ್ಷಣ ಮನೆಯಲ್ಲಿ ಮಾತು ಸೀದಾ ಮದುವೆಗೆ ಹೋಯಿತು. "ಈಗ್ಯಾಕ ಅವಸರ? ವರ ನೋಡೋ ಮುಂದ ಹಾಕ್ಸಿದ್ರಾತು" ಅಂದರು ದೊಡ್ಡವ್ವ. ಹುಡುಗನ ಹಲ್ಲಾಗಿದ್ದರೆ ಈ ಮಾತೇ ಏಳುತ್ತಿರಲಿಲ್ಲ. ಇರಲಿ, ಅದು ಬೇರೆಯೇ ಜಗಳ. ಚಾಚಿದ ಹಲ್ಲು ಆಟದಲ್ಲಿ ಬಿದ್ದಾಗ ಬೇಗ ಮುರಿಯುತ್ತದೆ, ಒತ್ತಾಗಿ ಕೂತ ಹಲ್ಲಿನ ಸಂದಿಗೆ ಬ್ರಷ್ ಹೋಗಲ್ಲ. ಏಳು ವರ್ಷದೊಳಗೆ ಒಮ್ಮೆ ತೋರಿಸಿ ಅಂತ ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ (ಕ್ಲಿಪ್ ಹಾಕಿ ಹಲ್ಲು ಸರಿಮಾಡುವ ಡಾಕ್ಟರ್‌ಗಳ) ಸಂಘವೇ ಹೇಳುತ್ತದೆ. ಏಳಕ್ಕೇ ಕ್ಲಿಪ್ ಹಾಕಿ ಅಂತಲ್ಲ, ತೋರಿಸಿ ಅಂತ.

ಮೊದಲು ಹೋಗಿದ್ದು ಹುಬ್ಬಳ್ಳಿಯ ಒಂದು ಕ್ಲಿನಿಕ್‌ಗೆ. ಡಾಕ್ಟರ್ ಅವಳ ಬಾಯಿ ನೋಡುತ್ತಾ ನನ್ನ ಜೊತೆ ಮಾತಾಡಿದರು. ಮೆಟಲ್ ಬೇಕಾ, ಸೆರಾಮಿಕ್ ಬೇಕಾ, ಕಂತು ಹೇಗೆ. ನಡುವೆ ಮಗಳು "ಹಲ್ಲು ಕೀಳ್ತೀರಾ?" ಅಂತ ಕೇಳಿದಳು. "ನೀನು ಗುಡ್ ಗರ್ಲ್ ಅಲ್ವಾ?" ಅಂದರು. ಇದೇನು ಉತ್ತರ ಹೇಳಿ! ಆಟೋದಲ್ಲಿ ಮನೆಗೆ ಬರುವವರೆಗೂ ಅವಳು ತುಟಿ ಬಿಚ್ಚಲಿಲ್ಲ.

ಆಮೇಲೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಹತ್ತಿ ಧಾರವಾಡದ ಸತ್ತೂರಿನ ಡೆಂಟಲ್ ಕಾಲೇಜಿಗೆ ಹೋದೆವು. ಅಲ್ಲಿ ಪಿಜಿ ಓದುವ ಹುಡುಗಿಯೊಬ್ಬಳು ನೋಡಿದಳು. ಮೊದಲು ಮಾಡಿದ ಕೆಲಸ, ಮಗಳ ಕೈಗೆ ಕನ್ನಡಿ ಕೊಟ್ಟಿದ್ದು. "ಇದು ನಿನ್ನ ಬಾಯಿ, ನೀನೂ ನೋಡು." ಅದೇ ಪ್ರಶ್ನೆ ಮತ್ತೆ ಬಂತು. "ಎಕ್ಸ್‌ರೇ ನೋಡಿ ಹೇಳ್ತೀನಿ. ಕೀಳಬೇಕಾದರೆ ಇಂಜೆಕ್ಷನ್ ಕೊಡ್ತೀವಿ, ಅದು ಚುಚ್ಚುತ್ತೆ. ಆಮೇಲೆ ಎಳೆದ ಹಾಗೆ ಗೊತ್ತಾಗುತ್ತೆ, ನೋವಾಗಲ್ಲ." ಮಗಳು ತಲೆಯಾಡಿಸಿದಳು. ನನಗೇ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು, ಅವಳಿಗೆ ಏನೂ ಆಗಲಿಲ್ಲ.

ಮುಂದೆಲ್ಲ ಹೀಗೇ. ಹಲ್ಲಿನ ಅಚ್ಚು ತೆಗೆಯುವಾಗ ವಾಕರಿಕೆ ಬರಬಹುದು, ತಲೆ ಸ್ವಲ್ಪ ಮುಂದೆ ಬಾಗಿಸಿ ಮೂಗಿನಿಂದ ಉಸಿರಾಡು. ದವಡೆ ಹಲ್ಲಿನ ನಡುವೆ ಪುಟ್ಟ ನೀಲಿ ರಬ್ಬರ್ ಸಿಕ್ಕಿಸ್ತೀವಿ, ಮಾವಿನ ನಾರು ಸಿಕ್ಕಿಕೊಂಡ ಹಾಗೆ ಕಿರಿಕಿರಿ ಆಗುತ್ತೆ. ಹಲ್ಲಿಗೆ ಹಚ್ಚೋ ಜೆಲ್ ನಾಲಿಗೆಗೆ ತಾಗಿದರೆ ಹುಳಿ. ತಂತಿ ಹಿಡಿಯೋ ಪುಟ್ಟ ಬ್ರಾಕೆಟ್‌ಗಳನ್ನ ಹಲ್ಲಿಗೆ ಅಂಟಿಸಿ ನೀಲಿ ಲೈಟ್ ಹಿಡೀತೀವಿ, ಅದು ನೋಯಲ್ಲ. ನೋವು ಶುರುವಾಗೋದು ತಂತಿ ಹಾಕಿದ ರಾತ್ರಿ. ತಂತಿ ಒತ್ತಿದ ಕಡೆ ಎಲುಬು ಕರಗುತ್ತಾ, ಹಿಂದೆ ಹೊಸ ಎಲುಬು ಬೆಳೆಯುತ್ತಾ ಹಲ್ಲು ಸರಿಯುತ್ತೆ, ಅದಕ್ಕೇ ಒಂದೂವರೆ ಎರಡು ವರ್ಷ ಬೇಕು. ಕ್ಲಿಪ್ ಬಿಚ್ಚಿದ ಮೇಲೆ, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡೋ ರಿಟೇನರ್ ಹಾಕದಿದ್ದರೆ ಹಲ್ಲು ಹಳೇ ಜಾಗಕ್ಕೆ ವಾಪಸ್ ಹೊರಡುತ್ತವೆ. ಇದನ್ನೂ ಮೊದಲ ದಿನವೇ ಹೇಳಿದಳು.

ತಂತಿ ಹಾಕಿದ ರಾತ್ರಿ ಮಗಳು ಅಡುಗೆಮನೆಗೆ ಬಂದು "ಮಮ್ಮಿ, ಅವರು ಹೇಳಿದ್ರಲ್ಲ, ಅದು ಶುರು ಆಗೇತಿ" ಅಂದಳು. ಅಷ್ಟೇ. ಅಳು ಇಲ್ಲ, ರಂಪ ಇಲ್ಲ. ಎರಡು ಮೂರು ದಿನ ನುಚ್ಚು-ಮಜ್ಜಿಗೆ ಮೇಲೆ ಇದ್ದಳು. ಕೆನ್ನೆಗೆ ತಂತಿ ಚುಚ್ಚಿದಾಗ ತಾನೇ ಮೇಣದ ಉಂಡೆ ಮಾಡಿ ಬ್ರಾಕೆಟ್‌ಗೆ ಒತ್ತಿಕೊಂಡಳು.

ಖಡಕ್ ರೊಟ್ಟಿ, ಶೇಂಗಾ ಚಿಕ್ಕಿ, ಕರದಂಟು ಎಲ್ಲ ಬಂದ್. ನಮ್ಮ ಕಡೆ ಮಗುವಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾ? ಪೇಡೆ ಮೆತ್ತಗಿರೋದು ಪುಣ್ಯ, ಆದರೆ ತಿಂದ ಕೂಡಲೇ ಬ್ರಷ್ ಮಾಡಬೇಕು. ಬ್ರಾಕೆಟ್ ಸುತ್ತ ಕೊಳೆ ಕೂತರೆ ಹಲ್ಲಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ತಂತಿಯನ್ನು ಬ್ರಾಕೆಟ್‌ಗೆ ಕಟ್ಟೋ ಪುಟ್ಟ ರಬ್ಬರ್ ಬಿಳಿದು ಬೇಡ, ಅರಿಶಿನಕ್ಕೆ ಹಳದಿ ಆಗುತ್ತೆ ಅಂತಲೂ ಹೇಳಿದ್ದರು. ಇವಳು ಕೇಳದೆ ಬಿಳಿಯೇ ಹಾಕಿಸಿಕೊಂಡಳು. ಒಂದು ವಾರದ ಸಾರು-ಪಲ್ಯಕ್ಕೆ ಪೂರ್ತಿ ಹಳದಿ. ಈಗ ಗಾಢ ನೀಲಿ.

ಕಾಲೇಜಿನಲ್ಲಿ ಎಲ್ಲವೂ ಸಲೀಸು ಅಂತ ಹೇಳಲ್ಲ. ಒಂದು ಸಲ ಹೋದರೆ ಅರ್ಧ ದಿನ ಹೋಗುತ್ತೆ, ಶಾಲೆ ತಪ್ಪುತ್ತೆ. ಕಲಿಯುವವರು ಮಾಡಿದ್ದನ್ನು ಕಲಿಸುವವರು ಬಂದು ನೋಡಬೇಕು, ಅಲ್ಲಿವರೆಗೆ ಕುರ್ಚಿಯಲ್ಲೇ ಕಾಯಬೇಕು. ಪುರುಸೊತ್ತಿರುವ ಕಡೆ ಮಾತಾಡೋದು ಸುಲಭ, ನಿಜ. ಆದರೆ 'ಚುಚ್ಚುತ್ತೆ, ಆಮೇಲೆ ನೋಯಲ್ಲ' ಅನ್ನೋಕೆ ಎಷ್ಟು ಹೊತ್ತು ಬೇಕು?

'ಮೊದಲೇ ಹೇಳಿದ್ರ ಹುಡುಗ್ರು ಅಂಜ್ತಾವ್ರೀ' ಅಂತ ಪಕ್ಕದ ಮನೆಯವರು ಅಂದರು. ಅವರ ಮಗನಿಗೂ ಮುಂದಿನ ವಾರ ಕ್ಲಿಪ್ ಹಾಕಿಸೋದಿದೆ. ಅಂಜುವ ಮಗುವಿಗೆ ಕಡಿಮೆ ಹೇಳಿ, ಬೇಡ ಅನ್ನಲ್ಲ. ಸುಳ್ಳು ಮಾತ್ರ ಹೇಳಬೇಡಿ. ಒಂದು ಸಲ 'ಏನೂ ಆಗಂಗಿಲ್ಲ' ಅಂದು ಏನಾದರೂ ಆದರೆ, ತಿಂಗಳಿಗೊಮ್ಮೆ ತಂತಿ ಬಿಗಿ ಮಾಡೋಕೆ ಆ ಕುರ್ಚಿಗೆ ಅವನನ್ನು ಹತ್ತಿಸೋರು ಯಾರು?